ಕಾಲು ಯಾವ ಕಡೆಗೆ?

ನನ್ನ ಬಲಗಾಲಿನ ಮೀನಖಂಡದಲ್ಲಿ ಹಸಿರು ಹಾವೊಂದು ಸುರುಳಿ ಸುತ್ತಿ ಮಲಗಿದೆ. ಅದನ್ನು ಪ್ಯಾಂಟಿನೊಳಗೆ ಬಚ್ಚಿಟ್ಟುಕೊಂಡು ನಾಲ್ಕು ವರ್ಷವಾಯಿತು. ರೇಷ್ಮೆ ಸೀಮೆಯ ನಮ್ಮ ವಿಜಯಪುರದ ಬಸ್ಸುಗಳಲ್ಲಿ ಇಪ್ಪತ್ತಾರು ವರ್ಷ ನಿಂತೇ ಟಿಕೆಟ್ ಕೊಟ್ಟ ಕಂಡಕ್ಟರಿಗೆ ನಿವೃತ್ತಿಗೆ ಮೊದಲೇ ಸಿಕ್ಕ ಬಹುಮಾನ ಅದು.

ಕಾಲಿಗೆ ರಕ್ತ ಹೋಗುವುದು ಸುಲಭ, ವಾಪಸ್ ಬರುವುದೇ ಕಷ್ಟ ಎಂದರು ಡಾಕ್ಟರು. ಹೃದಯದ ಗುದ್ದು ತಡೆದುಕೊಳ್ಳಲು ಅಪಧಮನಿಗೆ ದಪ್ಪ ಗೋಡೆಯಿದೆ. ಅದು ಕವಲೊಡೆದು ಕೂದಲಿಗಿಂತ ಸಣ್ಣ ಲೋಮನಾಳವಾದಾಗ ರಕ್ತಕಣಗಳು ಒಂದರ ಹಿಂದೊಂದು ಸಾಲಾಗಿ ಹೋಗುತ್ತವಂತೆ. ಇದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಸಾಲು ಎಂಬುದನ್ನು ನಾನು ಕಂಡವನಲ್ಲ. ವಾಪಸ್ ಬರುವ ಅಭಿಧಮನಿಯದು ತೆಳು ಗೋಡೆ. ಏರಿದ ರಕ್ತ ಮತ್ತೆ ಇಳಿಯದಂತೆ ಅದರೊಳಗೆ ಪುಟ್ಟ ಕವಾಟಗಳು ಬಾಗಿಲು ಕಾಯುತ್ತವೆ. ನಡೆದಾಗಲೆಲ್ಲ ಮೀನಖಂಡ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ನಿಂತೇ ಇದ್ದರೆ ಕವಾಟ ಸೋತು, ರಕ್ತ ಕೆಳಗೇ ತಂಗಿ, ನಾಳ ಉಬ್ಬುತ್ತದೆ. ಅಂದರೆ ನನ್ನ ಕಾಲೊಳಗಿನ ಕಂಡಕ್ಟರುಗಳು ನನಗಿಂತ ಮೊದಲೇ ಡ್ಯೂಟಿ ಬಿಟ್ಟಿದ್ದರು.

ದಿನಾ ಅರ್ಧ ಗಂಟೆ ಕಾಲನ್ನು ಎದೆಗಿಂತ ಎತ್ತರಕ್ಕಿಟ್ಟು ಮಲಗಬೇಕು, ಇಲ್ಲವಾದರೆ ಹುಣ್ಣಾಗಿ ಕೆಲಸವೇ ಹೋದೀತು ಎಂದು ಅವರು ಹೆದರಿಸಿದರು. ಡಾಕ್ಟರಿಗೆ ದೇಹದ ನಕ್ಷೆ ಗೊತ್ತು, ನಮ್ಮ ಮನೆಯ ನಕ್ಷೆ ಗೊತ್ತಿಲ್ಲ. ಇರುವುದು ಒಂದೇ ನಡುಮನೆ. ಪೂರ್ವದ ಗೋಡೆಯಲ್ಲಿ ದೇವರ ಪಟಗಳು. ಉತ್ತರದಲ್ಲಿ ಹಾರ ಹಾಕಿದ ಅಪ್ಪನ ಫೋಟೊ. ಪಶ್ಚಿಮದಲ್ಲಿ ಅಮ್ಮನ ಮಂಚ. ದಕ್ಷಿಣ ಖಾಲಿಯಿದೆ, ಆದರೆ ಅತ್ತ ಕಾಲು ಚಾಚಿದರೆ ತಲೆ ಉತ್ತರಕ್ಕೆ ಬರುತ್ತದೆ. ಹಾಗೆ ಮಲಗಿಸುವುದು ಹೆಣವನ್ನು. ಅಷ್ಟದಿಕ್ಕುಗಳಿರುವ ಜಗತ್ತಿನಲ್ಲಿ ನನ್ನ ಎರಡು ಕಾಲಿಗೆ ಒಂದು ದಿಕ್ಕಿರಲಿಲ್ಲ.

ಕೊನೆಗೆ, ಅಮ್ಮ ಡೈರಿಗೆ ಹಾಲು ಹಾಕಲು ಹೋಗುವ ಹೊತ್ತಿನಲ್ಲಿ ಅವಳ ಖಾಲಿ ಮಂಚದ ಕಡೆಗೇ ಕಾಲು ಮಾಡಿ, ಎರಡು ದಿಂಬಿನ ಮೇಲಿಟ್ಟು ಮಲಗತೊಡಗಿದೆ. ಐವತ್ತು ದಾಟಿದ ಮೇಲೆ ಅಮ್ಮನ ಕಣ್ಣು ತಪ್ಪಿಸಿ ಮಾಡಿದ ಕೆಲಸ ಇದೊಂದೇ ಎಂದರೆ ನೀವು ನಂಬಬೇಕಾಗಿಲ್ಲ. ನಾಲ್ಕನೇ ದಿನ ಅವಳು ಬೇಗ ಬಂದುಬಿಟ್ಟಳು.

"ಯಾರ ಕಡೆಗ್ಲಾ ಕಾಲು ಚಾಚಿದ್ದೀಯ?"

ದಡಬಡಿಸಿ ಎದ್ದು, ಪಂಚೆ ಸರಿಸಿ ತೋರಿಸಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಅಮ್ಮ ಬಗ್ಗಿ ನೋಡಿದಳು. ಆಮೇಲೆ ಮಂಚದ ಮೇಲೆ ಕೂತು ಸೀರೆಯ ಅಂಚನ್ನು ಮೊಣಕಾಲವರೆಗೆ ಎತ್ತಿದಳು. ಎರಡೂ ಕಾಲಿನಲ್ಲಿ ನನ್ನದಕ್ಕಿಂತ ದಪ್ಪ ಗಂಟುಗಳು.

"ನೀನು ಹೊಟ್ಟೇಲಿದ್ದಾಗ ಬಂದಿದ್ದು. ಆಮೇಲೆ ಗೂಡಿಂದ ರೇಷ್ಮೆ ಬಿಚ್ಚೋ ಕೆಲಸದಲ್ಲಿ ನಿಂತೂ ನಿಂತೂ ಜಾಸ್ತಿ ಆಯ್ತು. ಕಾಲೆತ್ತಿ ಮಲಗಿದ್ರೆ ಕಮ್ಮಿ ಆಗತ್ತೆ ಅಂತ ನಂಗ್ಯಾರು ಹೇಳಿದ್ರು?"

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ದಿನಾ ಮುಟ್ಟಿ ನಮಸ್ಕರಿಸಿದ ಕಾಲನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ದಿಂಬುಗಳನ್ನು ಅವಳ ಕಾಲ ಕೆಳಗಿಟ್ಟು, ನನ್ನ ಕಾಲಿಗೆ ಅಕ್ಕಿ ಮೂಟೆ ಎಳೆದುಕೊಂಡೆ.

ಈಗ ಸಂಜೆ ಅರ್ಧ ಗಂಟೆ ನಮ್ಮಿಬ್ಬರ ಪಾದಗಳು ಎದುರುಬದುರು. "ಅಮ್ಮಾ, ನಿನ್ನ ಕಾಲು ದೇವರ ಕಡೆಗಿದೆಯಲ್ಲ" ಎಂದು ನಿನ್ನೆ ಕೆಣಕಿದೆ.

"ಮಧ್ಯ ನೀನು ಅಡ್ಡ ಮಲಗಿದ್ದೀಯಲ್ಲ, ಅವನಿಗೆ ಕಾಣಕ್ಕಿಲ್ಲ ಬಿಡು" ಎಂದು ಅವಳು ಕಣ್ಣು ಮುಚ್ಚಿದಳು.