ಅಕ್ಕಾರ ಜೊತೆ ದ್ರಾಕ್ಷಿ ಗುಡ್ಡ ದಾಟಿದ್ದು

ನನ್ನ ಗಂಡನ ಅಕ್ಕನನ್ನು ನಾನು ಅಕ್ಕಾರು ಎಂದೇ ಕರೆಯುವುದು. ಬೀದರಿನಲ್ಲಿ ಅವರದೊಂದು ಹೊಲಿಗೆ ಅಂಗಡಿ ಇದೆ. ಮದುವೆ ಹಂಗಾಮಿನಲ್ಲಿ ಅವರ ಕೈಯಿಂದಲೇ ಕುಪ್ಪಸ ಹೊಲಿಸಿಕೊಳ್ಳಬೇಕೆಂದು ಹೆಂಗಸರು ಕಾದು ನಿಲ್ಲುತ್ತಾರೆ. ಜೀವಮಾನವಿಡೀ ಮಶೀನಿನ ಮುಂದೆ ಕೂತದ್ದಕ್ಕೋ ಏನೋ, ಕಳೆದ ವರ್ಷ ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ದಿನಾ ನಡೆಯಲೇಬೇಕೆಂದು ಡಾಕ್ಟರು ಹೇಳಿ ಕಳಿಸಿದರು.

ಸಂಕ್ರಾಂತಿ ಮುಗಿಸಿಕೊಂಡು ಛತ್ರಪತಿ ಸಂಭಾಜಿನಗರದ ನಮ್ಮ ಮನೆಗೆ ಬಂದವರು, ಬಂದ ಮರುದಿನದಿಂದಲೇ ನಮ್ಮ ಕಟ್ಟಡದ ಮಾಳಿಗೆಯ ಮೇಲೆ ಸುತ್ತು ಹಾಕತೊಡಗಿದರು. ಒಂದು ವಾರ ಕಳೆಯುವಷ್ಟರಲ್ಲಿ ಬೇಸತ್ತುಹೋದರು.

"ಗಾಣದ ಎತ್ತು ಆಗೀನಿ ನೋಡು ತಂಗಿ. ಒಣ ಹಾಕಿದ ಸೀರಿ, ನೀರಿನ ಟಾಕಿ. ಮತ್ತ ಒಣ ಹಾಕಿದ ಸೀರಿ, ಮತ್ತ ಟಾಕಿ. ಎಷ್ಟಂತ ನೋಡ್ಲಿ?"

ನನ್ನ ಮಗಳು ನಾಶಿಕದಲ್ಲಿ ಕೆಲಸದಲ್ಲಿದ್ದಾಳೆ. ಭಾನುವಾರ ಬಂತೆಂದರೆ ಗೆಳತಿಯರೊಂದಿಗೆ ಗುಡ್ಡ ಸುತ್ತುವುದು ಅವಳ ಹುಚ್ಚು. ಹುಟ್ಟಿ ಬೆಳೆದದ್ದೆಲ್ಲ ಮಹಾರಾಷ್ಟ್ರದಲ್ಲಾದ್ದರಿಂದ ಅವಳ ಕನ್ನಡದಲ್ಲಿ ಅರ್ಧ ಮರಾಠಿ. ಅಕ್ಕಾರ ಗೋಳು ಫೋನಿನಲ್ಲಿ ಕೇಳಿ ನಕ್ಕಳು.

"ಆತ್ಯಾ, ಇಕಡೆ ಬರ್ರಿ ನಾ! ದ್ರಾಕ್ಷಿ ತೋಟದಾಗ ನಡಿಯೋಣ. ಡೋಂಗರ್ ದಾಟಿ ಆ ಕಡೆ ಊರ ತನಕ."

"ಆ ಊರಾಗ ಯಾವ ದೇವರದ?"

"ದೇವರಗೋಸ್ಕರ ಅಲ್ಲ ಆತ್ಯಾ. ಅಸಚ್, ಸುಮ್ನೆ ನಡಿಯೋದು."

ಅಕ್ಕಾರು ಫೋನಿಟ್ಟು ನನ್ನ ಮುಖ ನೋಡಿದರು. "ಸುಮ್ನೆ ಯಾರರ ಗುಡ್ಡ ಹತ್ತತಾರೇನು?" ಎಂದರು. ಆದರೆ ಸಂಜೆಗೆ ಪೇಟೆಗೆ ಹೋಗಿ, ಸೀರೆಗೆ ಒಪ್ಪುವ ಬಣ್ಣದ ಕ್ಯಾನ್ವಾಸ್ ಬೂಟು ಆರಿಸಿಕೊಂಡು ಬಂದರು.

ನಾವಿಬ್ಬರೂ ಬಸ್ಸು ಹತ್ತಿ ನಾಶಿಕಕ್ಕೆ ಹೋದೆವು. ಹೋಗಿ ನೋಡಿದರೆ ಮಗಳು ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡು ಕೂತಿದ್ದಳು. ಮುಂದಿನ ತಿಂಗಳು ಹೋಗೋಣವೆಂದು ಮುಖ ಸಣ್ಣದು ಮಾಡಿದಳು. ನನಗೂ ಒಳಗೊಳಗೆ ಹಾಯೆನಿಸಿತು. ಅಕ್ಕಾರು ಮಾತ್ರ ಒಪ್ಪಲಿಲ್ಲ.

"ಉಳುಕಿದ್ದು ನಿನ್ನ ಕಾಲು. ನಮ್ಮ ಕಾಲಿಗಿ ಏನ್ ಆಗ್ಯಾದ?"

ಮರುದಿನ ಬೆಳಗ್ಗೆ ಮಗಳು ನನ್ನ ಮೊಬೈಲಿನಲ್ಲಿ ದಾರಿ ಹಾಕಿಕೊಟ್ಟಳು. ರಿಕ್ಷಾದಲ್ಲಿ ಕರೆತಂದು ತೋಟಗಳ ಅಂಚಿಗೆ ಬಿಟ್ಟಳು. ಸಂಜೆ ಗುಡ್ಡದಾಚೆಯ ಊರಿನಲ್ಲಿ ಕಾಯುತ್ತೇನೆಂದು ಹೇಳಿ ಹೋದಳು. ನಮ್ಮ ವಯಸ್ಸಿನ ಇಬ್ಬರು ಹೆಂಗಸರು, ಹೆಗಲಿಗೊಂದೊಂದು ಚೀಲ, ಮುಂದೆ ಮಣ್ಣಿನ ಹಾದಿ.

ಮೊದಲಿಗೆ ಸಿಕ್ಕಿದ್ದು ವೈನ್ ದ್ರಾಕ್ಷಿಯ ತೋಟಗಳು. ಸೊಂಟದೆತ್ತರದ ಬಳ್ಳಿಗಳು ತಂತಿ ಹಿಡಿದುಕೊಂಡು ಸಾಲುಸಾಲಾಗಿ ದಿಬ್ಬ ಹತ್ತಿ, ಆಚೆ ಇಳಿದು, ಮುಂದಿನ ದಿಬ್ಬವನ್ನೂ ಹತ್ತಿ ಹೋಗುತ್ತಿದ್ದವು. ತಗ್ಗಿನಲ್ಲಿ ಇನ್ನೂ ಮಂಜಿತ್ತು. ಎದುರು ಬಂದವರಿಗೆಲ್ಲ ಅಕ್ಕಾರು "ರಾಮ್ ರಾಮ್" ಹೇಳುತ್ತ, ಮದುವೆಮನೆಯಲ್ಲಿ ಓಡಾಡುವವರ ಹಾಗೆ ನಡೆದರು.

ಬಿಸಿಲೇರಿದಾಗ ಹಾದಿ ಕವಲೊಡೆಯಿತು. ಮೊಬೈಲು ತೆಗೆದರೆ ನೆಟ್‌ವರ್ಕ್ ಇಲ್ಲ. ನಾವಿರುವ ಜಾಗ ತೋರಿಸುವ ನೀಲಿ ಚುಕ್ಕೆ ಎಲ್ಲೋ ಹಿಂದೆಯೇ ನಿಂತುಬಿಟ್ಟಿತ್ತು. ಎಡಕ್ಕೆ ಹೋಗೋಣವೆಂದೆ ನಾನು. ಹೋದೆವು. ಅದು ನಮ್ಮನ್ನು ತಿನ್ನುವ ದ್ರಾಕ್ಷಿಯ ತೋಟದೊಳಕ್ಕೆ ಒಯ್ದಿತು. ತಲೆಯ ಮೇಲೆ ಚಪ್ಪರ, ಬಿಸಿಲು ತಾಗದಿರಲೆಂದು ಒಂದೊಂದು ಗೊಂಚಲಿಗೂ ಸುತ್ತಿದ ಮರಾಠಿ ಪೇಪರು. ಎತ್ತ ನೋಡಿದರೂ ಒಂದೇ ಥರ. ನನಗೆ ಅಳುಕು ಶುರುವಾಯಿತು. ಬೀದರಿನವರಾದ್ದರಿಂದ ಮರಾಠಿ ಓದಬಲ್ಲ ಅಕ್ಕಾರು ಕತ್ತೆತ್ತಿ ಒಂದು ಗೊಂಚಲಿನ ಪೇಪರು ಓದುತ್ತ ನಿಂತಿದ್ದರು.

"ತಂಗಿ, ವರ ಬೇಕಾಗ್ಯಾರ, ವಧು ಬೇಕಾಗ್ಯಾರ ಅಂತ ಹಾಕ್ಯಾರ. ಈ ಹುಡುಗ ಇಂಜಿನಿಯರ್ ಅದಾನಂತ. ನಮ್ಮ ಹುಡಿಗಿಗಿ ನೋಡಮಾ?"

"ಅಕ್ಕಾರ, ಹಾದಿ ತಪ್ಪೀವ್ರಿ ನಾವು!"

"ತಪ್ಪಿದ್ರ ತಪ್ಪಲಿ. ನೆಳ್ಳದ, ಹಣ್ಣದ, ವರ ಸುದ್ದಾ ಸಿಕ್ಕಾನ."

ನಾನು ನಕ್ಕ ಸದ್ದಿಗೇ ಇರಬೇಕು, ಸಾಲಿನಾಚೆಯಿಂದ ಯಾರೋ ಮರಾಠಿಯಲ್ಲಿ ಕೂಗಿ ಕೇಳಿದರು. ದನಿ ಹಿಡಿದು ಹೋದೆವು. ಒಂದು ಗುಂಪು ಹೆಂಗಸರು ಸಣ್ಣ ಕತ್ತರಿಯಿಂದ ಗೊಂಚಲು ಕತ್ತರಿಸಿ ಕ್ರೇಟು ತುಂಬುತ್ತಿದ್ದರು. ನಮ್ಮ ಬೂಟುಗಳನ್ನು ನೋಡಿ ಅವರಿಗೆ ನಗು. ದಾರಿ ತೋರಿಸಲೆಂದು ಒಬ್ಬಾಕೆ ಕೈ ಎತ್ತಿದಳು. ಎತ್ತಿದ್ದೇ ತಡ, ಅವಳ ಕುಪ್ಪಸದ ಕಂಕುಳು ಪರ್ರನೆ ಹರಿಯಿತು. ಎಲ್ಲರೂ ಹೋ ಎಂದರು. ಆಕೆ ನಾಚಿ ಸೆರಗು ಹೊದ್ದಳು.

ಅಕ್ಕಾರು ಚೀಲ ಕೆಳಗಿಟ್ಟು ಸೂಜಿ ದಾರ ತೆಗೆದರು. "ಇಕಡೆ ಬಾ ಯವ್ವಾ," ಎಂದು ಕನ್ನಡದಲ್ಲೇ ಕರೆದು, ಆಕೆಯನ್ನು ಬಳ್ಳಿಯ ಮರೆಗೆ ಕೂರಿಸಿಕೊಂಡು, ಮಾತಾಡುತ್ತ ಮಾತಾಡುತ್ತಲೇ ಹೊಲಿದು ಹಲ್ಲಿನಿಂದ ದಾರ ಕಡಿದರು. ಆಕೆ ತೋಳೆತ್ತಿ ಇಳಿಸಿ ನೋಡಿದಳು. ಹೊಲಿಗೆ ಅಲುಗಲಿಲ್ಲ. ಆಮೇಲೆ ಒಬ್ಬಳು ಹರಿದ ತೋಳು ತಂದಳು, ಇನ್ನೊಬ್ಬಳು ಕಿತ್ತ ಗುಂಡಿ. ಕೆಲಸ ನಿಂತಿತೆಂದು ಗದರಿಸಲು ಬಂದ ಮೇಸ್ತ್ರಿಯನ್ನು ಆ ಹೆಂಗಸರೇ ಹಿಡಿದು ನಿಲ್ಲಿಸಿ, ಅವನ ಅಂಗಿಯ ಹರಿದ ಜೇಬನ್ನು ಅಕ್ಕಾರಿಗೆ ತೋರಿಸಿದರು. ಅವನು ಸುಮ್ಮನೆ ಅಂಗಿ ಬಿಚ್ಚಿಕೊಟ್ಟು ಬನಿಯನ್ನಿನಲ್ಲಿ ನಿಂತುಕೊಂಡ.

ಊಟ ಮಾಡದೆ ಅವರು ನಮ್ಮನ್ನು ಬಿಡಲಿಲ್ಲ. ಚಪ್ಪರದ ಕೆಳಗೆ ಜೋಳದ ಭಾಕರಿ, ಕಡಲೆಹಿಟ್ಟಿನ ಝುಣಕಾ, ಕಣ್ಣಲ್ಲಿ ನೀರು ತರಿಸುವ ಹಸಿಮೆಣಸಿನಕಾಯಿ ಖಾರ. ಅಕ್ಕಾರು ನಮ್ಮ ಬುತ್ತಿಯ ಶೇಂಗಾ ಹೋಳಿಗೆ ಹಂಚಿದರು. ಇದು ತಮ್ಮ ಕಡೆಯ ಬೆಲ್ಲದ ಗೂಳಪೋಳಿಯೇ ಸರಿ ಎಂದು ಆ ಹೆಂಗಸರು, ಅಲ್ಲ ಹೋಳಿಗೆ ಎಂದು ಅಕ್ಕಾರು, ದೊಡ್ಡ ವಾದ ನಡೆಯಿತು. ವಾದ ತೀರುವ ಮೊದಲೇ ಹೋಳಿಗೆ ತೀರಿತು. ಹೊರಟಾಗ ಕುಪ್ಪಸದ ಹೆಂಗಸು ತೋಟದ ಬೇಲಿಯ ತನಕ ಬಂದು ಗುಡ್ಡದ ಹಾದಿಗೆ ಹಚ್ಚಿಕೊಟ್ಟಳು.

ಗುಡ್ಡ ಎತ್ತರದ್ದೇನಲ್ಲ, ಆದರೆ ಕಡಿದು. ಒಣಹುಲ್ಲು ಬೂಟಿನಡಿ ಜಾರುತ್ತಿತ್ತು. ನಡುವೆ ಒಂದು ಬಂಡೆಯ ಮೇಲೆ ಅಕ್ಕಾರು ಕೂತುಬಿಟ್ಟರು. ಮುಖ ಕೆಂಪಾಗಿತ್ತು. ನನಗೆ ಹೆದರಿಕೆಯಾಗಿ ನೀರು ಕೊಟ್ಟೆ.

"ಇಳಿದು ಹೋಗಮಾರಿ ಅಕ್ಕಾರ? ಸಾಕ್ರಿ."

ಅವರು ನೀರು ಕುಡಿದು ಬಾಟಲಿ ನನ್ನ ಕೈಗಿಟ್ಟರು. "ಸಣ್ಣಾಕಿ ಇದ್ದಾಗ ಹೊಲಕ್ಕ ಬುತ್ತಿ ಒಯ್ಯಲಾಕ ಓಡ್ತಿದ್ದೆ ತಂಗಿ. ಲಗ್ನ ಆದಮ್ಯಾಲ ನೀರಿಗಿ ನಡದೆ, ಸಂತಿಗಿ ನಡದೆ, ದವಾಖಾನಿಗಿ ನಡದೆ. ನಡದಿದ್ದೆಲ್ಲ ಯಾವುದರ ಒಂದು ಕೆಲಸಕ್ಕ. ಇವತ್ತ ಯಾರೂ ಕಳಿಸಿಲ್ಲ, ನಾನಾಗೇ ಬಂದೀನಿ. ಇಳಿ ಅಂತಿ ಏನು?"

ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಎದ್ದರು. ಆಮೇಲೆ ನಾನೇ ಅವರ ಹಿಂದೆ ಏದುಸಿರು ಬಿಡುತ್ತ ಹತ್ತಿದೆ.

ನೆತ್ತಿಯಲ್ಲಿ ಗಾಳಿ ನಮ್ಮ ಸೆರಗು ಹಾರಿಸಿತು. ನಾವು ದಾಟಿ ಬಂದ ತೋಟಗಳೆಲ್ಲ ಕೆಳಗೆ ಬಾಚಿದ ತಲೆಯ ಹಾಗೆ ಕಾಣುತ್ತಿದ್ದವು. ದೂರದಲ್ಲಿ ಅಣೆಕಟ್ಟಿನ ನೀರು, ಅದರಾಚೆ ಚಪ್ಪಟೆ ತಲೆಯ ಬೆಟ್ಟಗಳ ಸಾಲು. ಅಕ್ಕಾರು ಎರಡೂ ಕೈ ಬಾಯಿಗೆ ಹಿಡಿದು "ಓ..." ಎಂದು ಕೂಗಿದರು. ಕೆಳಗಿನ ತೋಟದಿಂದ ಹೆಂಗಸರ ದನಿಗಳು ತಿರುಗಿ "ಓ..." ಎಂದವು. ನಾನೂ ಕೂಗಿದೆ. ಗಂಟಲು ಬಿಟ್ಟು ಹಾಗೆ ಕೂಗಿ ಎಷ್ಟು ವರ್ಷವಾಗಿತ್ತೋ.

ಇಳಿದರೆ ಊರು. ಕಲ್ಲಿನ ಅಗಸಿ ಬಾಗಿಲು ಒಂದು ಕಡೆ ಕುಸಿದಿದ್ದರೂ ಅದರಡಿಯಿಂದಲೇ ಟ್ರಾಕ್ಟರುಗಳು ಓಡಾಡುತ್ತಿದ್ದವು. ಒಳಗೆ ಒಂದು ಹಳೆಯ ವಾಡೆ, ಗೌಡರ ದೊಡ್ಡಮನೆಯಂಥದ್ದು. ಕರಿಮರದ ಕಂಬಗಳು, ನಡುವೆ ಅಂಗಳ, ಅಂಗಳದಲ್ಲಿ ಒಣಗಲು ಹಾಕಿದ ಮೆಣಸಿನಕಾಯಿ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮನ್ನು ಮನೆಯ ಅಜ್ಜಿ ಒಳಗೆ ಕರೆದು ತೂಗುಮಂಚದ ಮೇಲೆ ಕೂರಿಸಿ ಚಹಾ ಕೊಟ್ಟಳು. ಮನೆ ಎಷ್ಟು ಹಳೆಯದೆಂದು ಕೇಳಿದೆ. "ನಾನು ಮದುವೆಯಾಗಿ ಬಂದಾಗಲೇ ಇದು ಮುದುಕಿ," ಎಂದು ನಕ್ಕಳು. ಅಕ್ಕಾರು ಕಾಲಿನಿಂದ ನೆಲ ಒದ್ದು ಮಂಚ ತೂಗಿದರು, ಮತ್ತೆ ಮತ್ತೆ ತೂಗಿದರು.

ಕುಂಟುತ್ತ ನಮ್ಮನ್ನು ಹುಡುಕಿಕೊಂಡು ಬಂದ ಮಗಳಿಗೆ ಕಂಡದ್ದು ಅದೇ ನೋಟ. "ಆತ್ಯಾ, ದಮ್‌ಲಾತ್ ಕಾ?" ದಣಿದಿರೇನು ಎಂದು ಕೇಳಿದಳು.

"ದಣಿಲಿಕ್ಕಿ ಟೈಮ್ ಎಲ್ಲಿ ಅದ? ಮುಂದಿನ ವಾರ ಎಲ್ಲಿಗಿ, ಅದು ಹೇಳು."

ಮುಂದಿನ ವಾರ ನಮ್ಮೂರ ಬಳಿಯ ದೌಲತಾಬಾದಿನ ಹಿಂದಿನ ಗುಡ್ಡಗಳಾದವು, ಅದರ ಮುಂದಿನ ವಾರ ಹತ್ತಿ ಹೊಲಗಳ ನಡುವಿನ ಗಾಡಿದಾರಿ. ಬೀದರಿಗೆ ಮರಳಿದ ಮೇಲೆ ಅಕ್ಕಾರು ನಡೆಯಲೆಂದು ಭಾನುವಾರ ಅಂಗಡಿ ಮುಚ್ಚತೊಡಗಿದರು. ಗಿರಾಕಿಗಳು ಮೊದಮೊದಲು ಗೊಣಗಿದರು, ಆಮೇಲೆ ಕೆಲವರು ಜೊತೆಗೇ ಹೊರಟರು. ಮೊನ್ನೆ ಫೋನು ಮಾಡಿದರೆ ಗಾಳಿಯ ಸದ್ದು, ಹೆಂಗಸರ ನಗು.

"ಎಲ್ಲಿ ಅದೀರಿ ಅಕ್ಕಾರ?"

"ಹೊಲದಾಗ. ಹಸಿ ಕಡ್ಲಿ ಕಿತ್ತು ತಿನ್ಲತ್ತೀವಿ. ಹೊಲದ ಮಾಲಕ ಬರ್ಲತ್ತಾನ, ಇಡ್ತೀನಿ!"