ಸೂಜಿ ಹಾಕಲು ಬಂದವರಿಗೇ ಜ್ವರ

ಪ್ಲೇಗಿನ ಸೂಜಿ ಹಾಕಲು ಶಿರಾದಿಂದ ನಮ್ಮೂರಿಗೆ ಬಂದವರು ಬಹಳ ಸಾಧು ಮನುಷ್ಯ. ಮಾತಿಗೆ ಮೊದಲು ಟೋಪಿ ತೆಗೆದು ಧೂಳು ಊದುತ್ತಿದ್ದರು. ಆಮೇಲೆ ಯಾರನ್ನು ಕಂಡರೂ ಒಂದೇ ಮಾತು: "ಇರುವೆ ಕಚ್ಚಿದಂಗೆ ಕಣಮ್ಮ, ಅಷ್ಟೇಯ."

ಪಕ್ಕದ ಕಳ್ಳಂಬೆಳ್ಳದಲ್ಲಿ ಇಲಿಗಳು ಸತ್ತು ಬೀಳುತ್ತಿರುವ ಸುದ್ದಿ ಬಂದಿತ್ತು. ಆದರೂ ನಮ್ಮ ಬೀದಿಯಲ್ಲಿ ಒಬ್ಬರೂ ಸೂಜಿಗೆ ಒಪ್ಪಲಿಲ್ಲ. ನಾನು ಆಗಷ್ಟೇ ಮದುವೆಯಾಗಿ ಬಂದಿದ್ದೆ. ನಮ್ಮತ್ತೆ ಜಗಲಿಯ ಮೇಲೆ ಕೂತು, "ಇರುವೆನೇ ಆದ್ರೆ ಮೊದ್ಲು ನೀವೇ ಕಚ್ಚಿಸ್ಕಳಿ ಸ್ವಾಮಿ" ಅಂದರು.

ಸೂಜಿಯವರು ಅಲ್ಲೇ ತಮ್ಮ ತೋಳಿಗೇ ಚುಚ್ಚಿಕೊಂಡರು. ಸಂಜೆಗೆ ತೋಳು ಊದಿ, ಜ್ವರ ಏರಿ, ನಮ್ಮ ಜಗಲಿಯ ಮೇಲೇ ಮಲಗಿಬಿಟ್ಟರು. ಊರೆಲ್ಲ ದೂರದಲ್ಲಿ ನಿಂತು ನೋಡಿತು.

"ಹೋಗ್ಬುಡ್ತಾರಾ ಹೆಂಗೆ?" ಎಂದು ಪಟೇಲರು ಕೇಳಿದರು.

"ಸುಮ್ಕಿರಿ ಪಟೇಲ್ರೆ, ನಮ್ಮನೆ ಜಗಲೀಲಿ ಯಾರೂ ಸಾಯಾಕಿಲ್ಲ" ಎಂದು ಅತ್ತೆ ಗದರಿಸಿ, ಮಲಗಿದ್ದವರಿಗೆ ಶುಂಠಿ ಕಷಾಯ ಕುಡಿಸಿದರು.

ಜ್ವರ ಬಿಟ್ಟ ಬೆಳಿಗ್ಗೆ ಅವರು ಎದ್ದು ಕೂತು ಹಸಿವು ಎಂದರು. ಬೀದಿಯವರೆಲ್ಲ ನೋಡುತ್ತಿದ್ದಂತೆ ಒಂದು ಮುದ್ದೆ ನುಂಗಿ, ಇನ್ನೊಂದಕ್ಕೆ ತಟ್ಟೆ ಒಡ್ಡಿದರು. ಅದು ಮುಗಿಯುವಷ್ಟರಲ್ಲಿ ಪಟೇಲರು ಅಂಗಿಯ ತೋಳು ಮಡಚಿಕೊಂಡು ಜಗಲಿ ಹತ್ತಿದ್ದರು. ಅತ್ತೆ ಅವರನ್ನು ಪಕ್ಕಕ್ಕೆ ಸರಿಸಿ, "ಮೊದ್ಲು ನಂದು" ಎಂದು ಕಣ್ಣು ಮುಚ್ಚಿ ತೋಳು ಚಾಚಿದರು.