ಇನ್ನೆರಡು ಕಂತು

ದುದ್ದದಲ್ಲಿ ನಾಲ್ಕು ತಲೆಮಾರಿನಿಂದ ನಮ್ಮ ಮನೆತನದತ್ತ ಯಾರೂ ಬೆರಳು ತೋರಿಸಿಲ್ಲ. ಯಜಮಾನರು ತೀರಿಕೊಂಡ ಮೇಲೂ ಅವರ ಖಾತೆಗೆ ಸರ್ಕಾರದ ರೈತರ ಸಹಾಯಧನ ಬಂತು. ಹಿಂದಿರುಗಿಸಲು ಮರಣ ಪ್ರಮಾಣಪತ್ರ ಹಿಡಿದು ನಾನೇ ಕೃಷಿ ಕಚೇರಿಗೆ ಹೋದೆ. ನನ್ನ ಇಂಗ್ಲಿಷ್ ಅರ್ಜಿಯಲ್ಲಿ ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಗುಮಾಸ್ತ ಅದನ್ನು ಓದಲೇ ಇಲ್ಲ. ಕಂಪ್ಯೂಟರನ್ನು ನನ್ನತ್ತ ತಿರುಗಿಸಿದ. ಯಜಮಾನರ ಹೆಸರಿನ ಮುಂದೆ ಇನ್ನೂ ಹಸಿರು ಗುರುತಿತ್ತು.

"ವಾಪಸ್ ಯಾಕಮ್ಮೋರೆ? ಗೌಡ್ರು ಇನ್ನೆರಡು ಕಂತು ಬದುಕಿರ್ಲಿ ಬುಡಿ. ಯಾರ್ಗ್ ಗೊತ್ತಾಯ್ತದೆ?"

ಮೇಜಿನ ಮೇಲಿಟ್ಟಿದ್ದ ಪ್ರಮಾಣಪತ್ರವನ್ನು ನನ್ನ ಕೈ ತಾನಾಗಿ ಹಿಂದಕ್ಕೆಳೆದುಕೊಂಡಿತು. ದುಡ್ಡಿನ ಆಸೆಗಲ್ಲ, ಅವನು 'ಬದುಕಿರ್ಲಿ' ಎಂದದ್ದಕ್ಕೆ.

"ನನಗೆ ಗೊತ್ತಾಗುತ್ತದೆ, ತೆಗೆದುಹಾಕಿ" ಎಂದು ಪತ್ರವನ್ನು ಮತ್ತೆ ಮುಂದಿಟ್ಟೆ.

ಹಸಿರು ಗುರುತು ಹೋಯಿತು. ಹದಿಮೂರನೆಯ ದಿನವೂ ಅಳದವಳು ಆ ಕಚೇರಿಯ ಸಾಲಿನಲ್ಲಿ ನಿಂತು, ಎಲ್ಲರೆದುರು ಅತ್ತೆ. ಅದಕ್ಕೆ ಆ ಗುಮಾಸ್ತ ನನ್ನ ಕ್ಷಮೆ ಕೇಳಬೇಕು.